ನಮ್ಮನೆ ನಾಲ್ಕು

ಚುನಾವಣೆ ಇರುವ ವರ್ಷಗಳಲ್ಲಿ, ಅಕ್ಟೋಬರ್ ತಿಂಗಳ ಒಂದು ಭಾನುವಾರ, ನಮ್ಮ ಮನೆಯ ಊಟದ ಮೇಜನ್ನು ಅಪ್ಪ ತಾನೇ ಒರೆಸುತ್ತಿದ್ದ. ಉಳಿದ ದಿನಗಳಲ್ಲಿ ಆ ಮೇಜು ಯಾರ ಆಳ್ವಿಕೆಗೂ ಒಳಪಟ್ಟದ್ದಲ್ಲ. ಒಂದು ತುದಿಯಲ್ಲಿ ಅಜ್ಜಿಯ ಮಾತ್ರೆ ಡಬ್ಬಿ, ಇನ್ನೊಂದು ತುದಿಯಲ್ಲಿ ಅಮ್ಮನ ಆಫೀಸಿನ ಲ್ಯಾಪ್‌ಟಾಪು, ನಡುವೆ ಶೇಂಗಾ ಚಟ್ನಿಯ ಭರಣಿ, ಒಡೆಯದ ಅಂಚೆ, ನನ್ನ ಶಾಲೆಯ ಪುಸ್ತಕಗಳು. ಆ ಭಾನುವಾರ ಎಲ್ಲವೂ ಸೋಫಾದ ಮೇಲೆ ಹೋಗಿ ಬೀಳುತ್ತಿದ್ದವು. ಮೊದಲು ಸೋಪಿನ ನೀರು, ಆಮೇಲೆ ಒಣ ಬಟ್ಟೆ, ಕೊನೆಗೆ ಅಪ್ಪ ಅಂಗೈಯನ್ನು ಹಲಗೆಯ ಮೇಲೆ ಮೆಲ್ಲಗೆ ಆಡಿಸಿ ಎಲ್ಲಾದರೂ ಜಿಡ್ಡು ಉಳಿದಿದೆಯೇ ಎಂದು ನೋಡುತ್ತಿದ್ದ. ಒಂದು ವರ್ಷ ಅಜ್ಜಿಯ ಮತಪತ್ರದ ಮೇಲೆ ಮಿರ್ಚಿ ಭಜಿಯ ಎಣ್ಣೆ ಬಿದ್ದಿತ್ತು. ಯಂತ್ರ ಅದನ್ನು ಓದುತ್ತದೋ ತಿರಸ್ಕರಿಸುತ್ತದೋ ಎಂದು ಅಪ್ಪ ಫಲಿತಾಂಶ ಬರುವವರೆಗೂ ಕೊರಗಿದ. ಅಲ್ಲಿಂದ ಮುಂದೆ ನಿಯಮವಾಯಿತು: ಲಕೋಟೆಗಳು ಅಂಟಿದ ಮೇಲೇ ಒಲೆಯ ಮೇಲೆ ಎಣ್ಣೆ.

ನಮ್ಮಲ್ಲಿ ಮತಪತ್ರಗಳು ಅಂಚೆಯಲ್ಲಿ ಮನೆಗೇ ಬರುತ್ತವೆ. ಮನೆಯಲ್ಲೇ ಗುರುತು ಹಾಕಿ, ಲಕೋಟೆಯ ಹಿಂದೆ ಸಹಿ ಮಾಡಿ, ಲೈಬ್ರರಿಯ ಮುಂದಿನ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬಂದರೆ ಮುಗಿಯಿತು. ಬೇರೆ ಮನೆಗಳಲ್ಲಿ ಇದು ಒಬ್ಬೊಬ್ಬರು ಬಿಡುವಾದಾಗ ಮಾಡುವ ಕೆಲಸ. ನಮ್ಮಲ್ಲಿ ಇದೊಂದು ಪೂಜೆ. ಅಪ್ಪ ಎರಡು ವಾರ ಮುಂಚಿನಿಂದ ಸರ್ಕಾರದವರು ಕಳಿಸುವ ದಪ್ಪ ಮಾಹಿತಿ ಪುಸ್ತಕವನ್ನು ಓದುತ್ತಿದ್ದ, ಹಳದಿ ಪೆನ್ನಿನಿಂದ ಗೆರೆ ಎಳೆಯುತ್ತಿದ್ದ. ಆ ಭಾನುವಾರ ಅವನು ಮೇಜಿನ ತಲೆಭಾಗದಲ್ಲಿ ಕೂತು, ಮೊದಲು ತನ್ನ ಮತಪತ್ರ ತುಂಬಿ, ಅದನ್ನು ನಡುವೆ ಇಡುತ್ತಿದ್ದ. ಅಮ್ಮ ಅದನ್ನು ನೋಡಿಕೊಂಡು ತನ್ನದನ್ನು ತುಂಬುತ್ತಿದ್ದಳು. ಅಜ್ಜಿಗೆ ಇಂಗ್ಲಿಷ್ ಬಾರದು. ಅಪ್ಪ ಬೆರಳಿಟ್ಟ ಕಡೆ ಅವಳು ಪೆನ್ನು ಒತ್ತುತ್ತಿದ್ದಳು. ಹೆಸರುಗಳ ಪಕ್ಕದ ಒಂದೊಂದು ಸೊನ್ನೆಯನ್ನೂ ರಂಗೋಲಿಯ ಚುಕ್ಕಿಯಷ್ಟು ಶ್ರದ್ಧೆಯಿಂದ ತುಂಬುತ್ತಿದ್ದಳು. ಲಕೋಟೆ ಅಂಟಿಸುವುದು ನನ್ನ ಪಾಲಿನ ಕೆಲಸ. ಏಳೆಂಟು ವರ್ಷದವಳಿದ್ದಾಗ ಪ್ರಜಾಪ್ರಭುತ್ವಕ್ಕೆ ಒಂದು ರುಚಿಯಿದ್ದರೆ ಅದು ಗೋಂದಿನದು ಎಂದೇ ನಾನು ತಿಳಿದಿದ್ದೆ. ಕೊನೆಗೆ 'ನಾನು ಮತ ಹಾಕಿದೆ' ಎಂಬ ಸ್ಟಿಕರುಗಳನ್ನು ಅಜ್ಜಿ ಫ್ರಿಜ್ಜಿನ ಪಕ್ಕಕ್ಕೆ ಅಂಟಿಸುತ್ತಿದ್ದಳು, ಗಿರ್ಮಿಟ್ಟು, ಭಜಿ ಬರುತ್ತಿತ್ತು, ಅಪ್ಪ ಫೋನು ತೆಗೆದು ಗ್ರೂಪಿಗೆ ಬರೆಯುತ್ತಿದ್ದ: ನಮ್ಮನೆ ಮೂರು.

ಗ್ರೂಪು ಎಂದರೆ ಶನಿವಾರದ ಗ್ರೂಪು. ಸಾಂಟಾ ಕ್ಲಾರಾದ ನಮ್ಮ ಬೀದಿಯ ಸುತ್ತಮುತ್ತ ಹತ್ತು ಹನ್ನೆರಡು ಕನ್ನಡದ ಮನೆಗಳು, ಸರದಿಯ ಮೇಲೆ ಶನಿವಾರದ ಊಟ. ಅದರ ಹಿರಿಯ ಪ್ರಕಾಶ್ ಅಂಕಲ್. ಚಿಪ್ ಕಂಪನಿಯಲ್ಲಿ ದೊಡ್ಡ ಕೆಲಸ, ದೊಡ್ಡ ದನಿ, ದೊಡ್ಡ ಗ್ರಿಲ್ಲು. ಅವರ ಹೆಂಡತಿ ವಿಮಲಾ ಆಂಟಿ, ಯಾರಿಗೆ ಶೀತವಾದರೂ ಸಾರು ಕಳಿಸುವವರು. ಈ ಗ್ರೂಪನ್ನು ನಾನು ಮುಂದೆ ಬೈಯಲಿದ್ದೇನೆ, ಆದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ: ಅಪ್ಪನ ಕೆಲಸ ಹೋಗಿ ವರ್ಷದ ಹತ್ತಿರ ಮನೆಯಲ್ಲಿ ಕೂತಿದ್ದಾಗ ಯಾರೂ ಒಂದು ಶನಿವಾರವೂ ನಮ್ಮನ್ನು ಬಿಟ್ಟು ಉಣ್ಣಲಿಲ್ಲ. ಅಜ್ಜಿಯ ಮಂಡಿಯ ಆಪರೇಷನ್ ಆದಾಗ ನಮ್ಮ ಬಾಗಿಲಿಗೆ ದಿನಾ ಒಂದೊಂದು ಮನೆಯ ಡಬ್ಬಿ ಬಂತು. ಧಾರವಾಡದ ನೆಂಟರು ಮದುವೆಗೆ ಕರೆಯುತ್ತಿದ್ದರು, ಮೈಸೂರಿನ ನೆಂಟರು ಹಬ್ಬಕ್ಕೆ ವಿಡಿಯೋ ಕಾಲ್ ಮಾಡುತ್ತಿದ್ದರು. ಡಬ್ಬಿ ತರುತ್ತಿದ್ದವರು ಮಾತ್ರ ಇವರು.

ಆದರೆ ಓಟಿನ ವಿಷಯಕ್ಕೆ ಬಂದರೆ! ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಈ ಗ್ರೂಪು ವರ್ಷದಿಂದ ವರ್ಷಕ್ಕೆ ಬಲಕ್ಕೆ ಸರಿಯುತ್ತಾ ಬಂದಿತ್ತು. ಶಾಲೆಯಲ್ಲಿ ನಾನು ಸಾಧಾರಣ ಹುಡುಗಿ; ನನ್ನ ಅಭಿಪ್ರಾಯಗಳು ತರಗತಿಯಲ್ಲಿ ಯಾರನ್ನೂ ಬೆಚ್ಚಿಬೀಳಿಸುತ್ತಿರಲಿಲ್ಲ. ಅದೇ ಅಭಿಪ್ರಾಯಗಳನ್ನು ಹೊತ್ತು ಪ್ರಕಾಶ್ ಅಂಕಲ್ ಮನೆಯ ಹೊಸ್ತಿಲು ದಾಟಿದರೆ ಕ್ರಾಂತಿಕಾರಿಯಾಗಿಬಿಡುತ್ತಿದ್ದೆ. ಹೊರಗೆ ಒಂದು ದೇಶ, ಒಳಗೆ ಇನ್ನೊಂದು. ನಡುವೆ ಚಪ್ಪಲಿ ಸ್ಟ್ಯಾಂಡು. ಅಲ್ಲಿ ತೆರಿಗೆ ಜಾಸ್ತಿ, ಶಾಲೆಗಳು ಹಾಳು, ಸೇತುವೆ ಕೆಳಗೆ ಮನೆಯಿಲ್ಲದವರು ಹಾಕಿಕೊಂಡ ಟೆಂಟುಗಳಿಗೆ ಅಲ್ಲಿರುವವರೇ ಕಾರಣ. ಈ ರಾಜ್ಯ ಕೆಟ್ಟುಹೋಯಿತು, ನಾವೆಲ್ಲ ಟೆಕ್ಸಾಸಿಗೆ ಹೋಗಿಬಿಡಬೇಕು ಎನ್ನುವುದು ಅನ್ನಕ್ಕೆ ಮೊಸರು ಬೀಳುವ ಹೊತ್ತಿನ ಮಾತು. ಪ್ರಕಾಶ್ ಅಂಕಲ್ ಅವರ ತಮ್ಮ ಅಲ್ಲಿ ಈಜುಕೊಳವಿರುವ ಮನೆ ಕೊಂಡಿದ್ದನಂತೆ. ಆ ಈಜುಕೊಳದ ಫೋಟೋ ಮೇಜಿನ ಸುತ್ತ ತಿರುಗುತ್ತಿತ್ತು. ನಾನು ಆಗಲೇ ಡೈರಿ ಬರೆಯುತ್ತಿದ್ದೆ, ಅದರಲ್ಲಿ ಶನಿವಾರಗಳಿಗೆ ಗೀಟು ಹಾಕಿದ ಪುಟಗಳಿವೆ: ಟೆಕ್ಸಾಸ್ ಎಷ್ಟು ಸಲ ಬಂತು, 'ಫ್ಯಾಕ್ಟ್ಸ್ ನೋಡಮ್ಮ' ಎಷ್ಟು ಸಲ ಬಂತು, ಅಮ್ಮ ಎಷ್ಟು ಸಲ ಎದ್ದು ಅಡುಗೆಮನೆಗೆ ಹೋದಳು. ತಾರೀಖುಗಳು ಆ ಪುಟಗಳಲ್ಲೇ ಇರಲಿ. ಇಲ್ಲಿಗೆ ಬೇಕಾದದ್ದು ಇಷ್ಟೇ: ಇವತ್ತಿನವರೆಗೂ ಅವರಲ್ಲಿ ಒಬ್ಬರೂ ಟೆಕ್ಸಾಸಿಗೆ ಹೋಗಿಲ್ಲ.

ಪ್ರಕಾಶ್ ಅಂಕಲ್‌ಗೆ ನನ್ನನ್ನು ಕೆಣಕುವುದು ಊಟದ ಒಂದು ಪದಾರ್ಥ.

"ಬಾಮ್ಮ, ಬಾಮ್ಮ, ಲಿಬರಲ್ ಮೇಡಂ ಬಂದ್ರು. ಪಾಯಸ ನೀನೇ ಬಡಿಸು ನಿವಿ. ಎಲ್ಲಾರ್ಗೂ ಸಮಸಮವಾಗಿ ಹಂಚ್ಬೇಕಪ್ಪ, ಆಮೇಲೆ ಅನ್ಯಾಯ ಅಂತ ಪ್ರೊಟೆಸ್ಟು ಮಾಡ್ತಾಳೆ."

ಎಲ್ಲರೂ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ. ನಾನು ಪಾಯಸ ಬಡಿಸುತ್ತಿದ್ದೆ, ಸಮಸಮವಾಗಿಯೇ. ನನ್ನ ಒಳ್ಳೆಯ ಉತ್ತರಗಳೆಲ್ಲ ವಾಪಸು ಬರುವಾಗ ಕಾರಿನಲ್ಲಿ ಹೊಳೆಯುತ್ತಿದ್ದವು, ಕೇಳುವುದಕ್ಕೆ ಅಪ್ಪನೊಬ್ಬ ಸಿಗುತ್ತಿದ್ದ. ಅವನು ಇಂಡಿಕೇಟರು ಹಾಕುತ್ತಾ ಒಂದೇ ಮಾತು ಹೇಳುತ್ತಿದ್ದ.

"ಅವರು ತಮಾಷೆಗೆ ಅಂದಿದ್ದು, ನಿವಿ. ನೀನು ಎಲ್ಲಾದ್ರಲ್ಲೂ ಪಾಲಿಟಿಕ್ಸು ಹುಡುಕ್ತೀಯ."

ನನಗೆ ಹದಿನೆಂಟು ತುಂಬಿದ ವರ್ಷ ನಮ್ಮ ಹಿತ್ತಲಿನ ಬೇಲಿಯ ಆಚೆಗಿದ್ದ ಫರ್ನಿಚರ್ ಅಂಗಡಿ ಮುಚ್ಚಿತು. ಅಂಗಡಿಗಿಂತ ದೊಡ್ಡದು ಅದರ ಪಾರ್ಕಿಂಗ್ ಜಾಗ. ಟಾರು ಬಿರಿದು ಹುಲ್ಲು ಎದ್ದಿತ್ತು. ಅಲ್ಲಿ ನಾಲ್ಕು ಮಹಡಿಯ ಅಪಾರ್ಟ್‌ಮೆಂಟು ಕಟ್ಟಿ ಕಡಿಮೆ ಬಾಡಿಗೆಗೆ ಕೊಡಬೇಕೇ ಬೇಡವೇ ಎಂಬ ಪ್ರಶ್ನೆ ಊರಿನ ಮತಪತ್ರಕ್ಕೆ ಬಂತು. ಬೇಕು ಎಂದರೆ ಒಂದು ಸೊನ್ನೆ, ಬೇಡ ಎಂದರೆ ಇನ್ನೊಂದು. ನಮ್ಮ ಬೀದಿಗೆ ಬೀದಿಯೇ ಅದರ ವಿರುದ್ಧ ಎದ್ದು ನಿಂತಿತು. ಮೂಲೆಮನೆಯವರ ಅಂಗಳದಲ್ಲಿ ಬಹಳ ವರ್ಷದಿಂದ ಒಂದು ಫಲಕವಿತ್ತು, ಎಲ್ಲ ಜನರಿಗೂ ಇಲ್ಲಿ ಸ್ವಾಗತ ಎಂದು. ಅದರ ಪಕ್ಕಕ್ಕೇ ಈಗ ಎರಡನೆಯದು ಬಂತು: ನಮ್ಮ ಬೀದಿಯನ್ನು ಉಳಿಸಿ. ಎರಡಕ್ಕೂ ಅವರು ನೀರು ಬೀಳದ ಹಾಗೆ ಸ್ಪ್ರಿಂಕ್ಲರನ್ನು ತಿರುಗಿಸಿಟ್ಟಿದ್ದರು. ನಾನು ಶಾಲೆಗೆ ಸೈಕಲ್ಲಿನಲ್ಲಿ ಹೋಗುವಾಗ ದಿನಾ ಅವೆರಡನ್ನೂ ನೋಡಿ ಹಲ್ಲು ಕಡಿಯುತ್ತಿದ್ದೆ. ಬಲಕ್ಕೆ ವಾಲಿದವರೊಂದಿಗೆ ಜಗಳವಾಡಬಹುದು. ಎರಡು ಫಲಕ ನೆಟ್ಟವರೊಂದಿಗೆ ಯಾವ ಕಡೆಯಿಂದ ಶುರುಮಾಡುವುದು?

ಗ್ರೂಪಿನಲ್ಲಿ ಮಾತ್ರ ಫಲಕ ಒಂದೇ. ಪ್ರಕಾಶ್ ಅಂಕಲ್ ಅವರ ಮನೆಯ ಶನಿವಾರ, ಮತಪತ್ರಗಳು ಇನ್ನೂ ಅಂಚೆಯಲ್ಲಿರುವಾಗಲೇ, ಮನೆಮನೆಯ ಲೆಕ್ಕ ಶುರುವಾಯಿತು.

"ಬೇಡ ಅನ್ನೋ ಕಡೆ ನಮ್ಮನೆ ಮೂರು," ಎಂದರು ಪ್ರಕಾಶ್ ಅಂಕಲ್, ಗ್ರಿಲ್ಲಿನ ಮೇಲೆ ಜೋಳದ ತೆನೆ ತಿರುಗಿಸುತ್ತಾ. "ಮಾಂತೇಶ್, ನಿಮ್ದು?"

"ನಮ್ಮನೆ ನಾಲ್ಕು," ಎಂದ ಅಪ್ಪ. ನನ್ನ ಭುಜದ ಮೇಲೆ ಕೈಯಿಟ್ಟು, ಎಷ್ಟು ಹೆಮ್ಮೆಯಿಂದ! "ಈ ವರ್ಷದಿಂದ ನಾಲ್ಕು. ಇವಳ ಫಸ್ಟ್ ಓಟು."

ಚಪ್ಪಾಳೆ ತಟ್ಟಿದರು. ವಿಮಲಾ ಆಂಟಿ ಓಡಿ ಬಂದು ನನ್ನ ಬಾಯಿಗೆ ಬರ್ಫಿ ಇಟ್ಟರು. ಬಾಯಿ ತುಂಬ ಬರ್ಫಿ ಇಟ್ಟುಕೊಂಡು ಯಾರೂ ಪ್ರತಿಭಟಿಸಲಾರರು. ನುಂಗುವ ಹೊತ್ತಿಗೆ ಲೆಕ್ಕ ಮುಂದಿನ ಮನೆಗೆ ಹೋಗಿತ್ತು.

ಕಾರಿನಲ್ಲಿ ಹೇಳಿದೆ. ಎಂದಿನ ಹಾಗೆ ಇಂಗ್ಲಿಷಿನಲ್ಲೇ ಶುರುಮಾಡಿದೆ, ಆದರೆ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಅಜ್ಜಿ ಇದ್ದಳು, ಅವಳು ಕೇಳಿಸಿಕೊಳ್ಳಲಿ ಎಂದು ಕನ್ನಡಕ್ಕೆ ಬಂದೆ.

"ನನ್ನನ್ನ ಕೇಳ್ದೆ ನೀನು ಹೇಗೆ ನಾಲ್ಕು ಅಂದೆ? ನಾನು ಬೇಕು ಅಂತ ಹಾಕ್ತೀನಿ."

"ಏನು ಬೇಕು? ಹಿತ್ತಲಿಗೆ ಬಂದು ಕೂತ್ಕೊಳ್ಳೋ ನಾಲ್ಕು ಮಹಡಿ ಬೇಕಾ? ಪಾರ್ಕಿಂಗ್ ಎಲ್ಲಿ ಮಾಡ್ತಾರೆ? ನಿಮ್ಮ ಸ್ಕೂಲಲ್ಲಿ ಈಗಾಗ್ಲೇ ಜಾಗ ಇಲ್ಲ. ಫ್ಯಾಕ್ಟ್ಸ್ ನೋಡು."

"ನಾನು ಹುಟ್ಟಿದ್ದೇ ಅಪಾರ್ಟ್‌ಮೆಂಟಲ್ಲಿ, ಅಪ್ಪ."

"ಅದು ಬೇರೆ. ನಾವು ಬಾಡಿಗೆ ಪೂರ್ತಿ ಕೊಡ್ತಿದ್ವಿ. ಕಷ್ಟಪಟ್ಟು ಮೇಲೆ ಬಂದ್ವಿ. ಯಾರೂ ನಮಗೆ ಕಡಿಮೆಗೆ ಕೊಡ್ಲಿಲ್ಲ."

"ಕೊಟ್ಟಿದ್ರೆ ಬೇಡ ಅಂತಿದ್ರಾ?"

ಇದನ್ನು ಕೇಳಿದವಳು ನಾನಲ್ಲ, ಮುಂದಿನ ಸೀಟಿನಲ್ಲಿದ್ದ ಅಮ್ಮ. ಕಿಟಕಿಯಿಂದ ಹೊರಗೆ ನೋಡುತ್ತಲೇ ಕೇಳಿದಳು. ಮೌಂಟನ್ ವ್ಯೂನ ಆ ಒಂದು ಬೆಡ್‌ರೂಮಿನ ಮನೆ ನನಗೆ ನೆನಪಿಲ್ಲ. ಫೋಟೋಗಳಲ್ಲಿ ಕಂದು ಕಾರ್ಪೆಟ್ಟು, ಬಚ್ಚಲಿನ ಬಾಗಿಲಿಗೆ ತೂಗಿದ ನನ್ನ ಬಟ್ಟೆಗಳು ಇವೆ. ಬಟ್ಟೆ ಒಗೆಯುವ ಕೋಣೆ ಕೆಳಗೆ, ಎಲ್ಲರಿಗೂ ಒಂದೇ. ಅಮ್ಮ ನನ್ನನ್ನು ಬುಟ್ಟಿಯ ಮೇಲೆ ಕೂರಿಸಿಕೊಂಡು ಇಳಿಯುತ್ತಿದ್ದಳಂತೆ.  ಅಪ್ಪ ಇಂಡಿಕೇಟರು ಹಾಕಿ ಹೇಳಿದ:

"ನಾನು ಅವರಿಗೆ ಮಾತು ಕೊಟ್ಟಾಗಿದೆ, ಸುಮಾ. ಈಗ ಏನಂತ ಹೇಳ್ಲಿ? ನನ್ನ ಮಗಳು ನನ್ನ ಮಾತು ಕೇಳಲ್ಲ ಅಂತಾನಾ?"

ಆಗ ನನಗೆ ತಿಳಿದದ್ದು, ಅವನಿಗೆ ಆ ಕಟ್ಟಡಕ್ಕಿಂತ ಆ ಸಂಖ್ಯೆ ದೊಡ್ಡದು ಎಂದು. ತಿಳಿದು ಸಿಟ್ಟು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಕಟ್ಟಡದ ಬಗ್ಗೆಯಾದರೆ ವಾದಿಸಬಹುದು. ಒಬ್ಬ ಒಳ್ಳೆಯ ಮನುಷ್ಯ, ಕೆಲಸವಿಲ್ಲದಾಗ ತನ್ನ ಕೈಬಿಡದ ಸ್ನೇಹಿತರ ಮುಂದೆ ಚಿಕ್ಕವನಾಗಲಾರೆ ಎಂದರೆ ಅದಕ್ಕೆ ಯಾವ ಅಂಕಿಅಂಶ ತೋರಿಸುವುದು? ನನ್ನ ಮೊದಲ ಓಟನ್ನು ನನ್ನದಾಗಿ ಹಾಕಬೇಕು. ಹಾಕಿದರೆ ಅಪ್ಪ ಸುಳ್ಳುಗಾರನಾಗುತ್ತಾನೆ. ಗುಟ್ಟಾಗಿ ಹಾಕಿ ಸುಮ್ಮನಿದ್ದುಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆಗ 'ನಮ್ಮನೆ ನಾಲ್ಕು' ಎಂದು ಅವನು ಬರೆಯುವುದನ್ನು ಭಜಿ ತಿನ್ನುತ್ತಾ ನೋಡಬೇಕಿತ್ತು. ಅದು ನನ್ನ ಕೈಲಾಗುತ್ತಿರಲಿಲ್ಲ.

ಆಮೇಲಿನ ವಾರ ಮನೆಯಲ್ಲಿ ಬಾಗಿಲುಗಳು ಮಾತನಾಡಿದವು. ಅಪ್ಪ ಮೈಕ್ರೋವೇವಿನ ಬಾಗಿಲನ್ನು ಎಷ್ಟು ಮೆಲ್ಲಗೆ ಮುಚ್ಚುತ್ತಿದ್ದನೆಂದರೆ ಅದೇ ಒಂದು ಬೈಗುಳದಂತಿತ್ತು. ನಾನು ಬೆಳಗಿನ ಅವಲಕ್ಕಿಯ ತಟ್ಟೆಯನ್ನು ಕೋಣೆಗೆ ಒಯ್ದೆ. ಮತಪತ್ರಗಳು ಬಂದವು, ನಾಲ್ಕು ಲಕೋಟೆ. ಅಪ್ಪ ಎಂದಿನಂತೆ ಅವನ್ನು ಒಟ್ಟುಮಾಡಿ ರಬ್ಬರ್ ಬ್ಯಾಂಡು ಹಾಕಿ ದೇವರ ಕಪಾಟಿನ ಕೆಳಗಿನ ಡ್ರಾಯರಿನಲ್ಲಿ ಇಟ್ಟ. ನಾನು ನನ್ನದನ್ನು ಹೊರತೆಗೆದು ನನ್ನ ಕೋಣೆಗೆ ಒಯ್ದೆ. ಸಂಜೆ ಅದು ಮತ್ತೆ ಡ್ರಾಯರಿನಲ್ಲಿತ್ತು. ಮತ್ತೆ ಒಯ್ದೆ. ಆ ಲಕೋಟೆ ವಾರವೆಲ್ಲ ಹೀಗೆ ಓಡಾಡಿತು, ಕೊನೆಗೆ ಅದರ ಮೂಲೆ ನಾಯಿಕಿವಿಯಂತೆ ಮಡಚಿಕೊಂಡಿತು.

ಇದನ್ನೆಲ್ಲ ಹಿತ್ತಲಿನ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದವಳು ಅಜ್ಜಿ. ಅದು ಅವಳ ಜಾಗ. ಬೆಳಿಗ್ಗೆ ಸ್ನಾನ ಮುಗಿಸಿ ಲಿಂಗಪೂಜೆ ಅಲ್ಲೇ, ಬೇಲಿಯ ಮೇಲಿಂದ ಬರುವ ಬಿಸಿಲಿನಲ್ಲಿ. ಆಮೇಲೆ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕಾಲು ಚಾಚುವುದು ಅಲ್ಲೇ. ಬೇಸಿಗೆಯಲ್ಲಿ ಸಂಡಿಗೆ ಒಣಗುವುದೂ ಅಲ್ಲೇ. ಶುಕ್ರವಾರ ನಾನು ಅವಳ ಪಕ್ಕ ಹೋಗಿ ಕೂತೆ. ಕೂತದ್ದು ಸುಮ್ಮನೆ ಅಲ್ಲ. ಅಪ್ಪನ ನಾಲ್ಕರಲ್ಲಿ ಅಜ್ಜಿಯದೂ ಒಂದು ಇತ್ತಲ್ಲ.

"ಅಜ್ಜಿ, ಈ ಜಾಗದಾಗ ಬಡವರಿಗೆ ಮನಿ ಕಟ್ತಾರಂತ. ಟೀಚರುಗಳಿಗೆ, ನರ್ಸುಗಳಿಗೆ. ನಿಮ್ಮ ಮಂಡಿ ಆಪರೇಷನ್ನಿನಾಗ ನೋಡ್ಕೊಂಡಾಕಿ ಇದ್ಲಲ್ಲ, ಅಂಥಾವರಿಗೆ. ಅಪ್ಪ ಬ್ಯಾಡ ಅಂತಾನ."

ಅಜ್ಜಿ ನನ್ನ ಮುಖವನ್ನೇ ನೋಡಿದಳು.

"ನಿಮ್ಮಪ್ಪ ನಿನ್ನೆ ಬಂದು, ಹಿತ್ತಲದಾಗ ಕಳ್ಳಕಾಕರು ಬಂದು ಕುಂಡ್ರತಾರ ಅಂದ. ನೀ ನೋಡಿದ್ರ ನರ್ಸಬಾಯಿ ಬರ್ತಾಳ ಅಂತಿ. ಹಂಗಾರ ಆ ಪುಸ್ತಕದಾಗ ಏನು ಬರದಾರ?"

"ಅದನ್ನೇ ಹೇಳಿದ್ನಲ್ಲ."

"ಇಲ್ಲವಾ, ನೀ ಹೇಳಿದ್ದು ನಿಂದು. ಅವ ಹೇಳಿದ್ದು ಅವಂದು. ಪುಸ್ತಕದಾಗಿಂದು ಯಾರೂ ಹೇಳಲಿಲ್ಲ. ಇಷ್ಟ ವರ್ಷ ನಾ ಕೇಳಿಲ್ಲ, ಮನ್ಯಾಗ ಎಲ್ಲಾರೂ ಒಂದ ಮಾತು ಅಂತಿದ್ರಿ, ಒತ್ತಿದೆ. ಈಗ ಎರಡ ಆಗ್ಯಾವ. ಕರಿ ಅವನ್ನ."

ಆ ಸಂಜೆ ಟಿವಿಯಲ್ಲಿ ಧಾರಾವಾಹಿಯ ಹೊತ್ತು. ಅಜ್ಜಿ ಟಿವಿ ಆರಿಸಿದಳು. ಇದರ ಮಹತ್ವ ನಮ್ಮ ಮನೆಯವರಿಗೆ ಮಾತ್ರ ಗೊತ್ತು. ಸೋಫಾದ ಒಂದು ಬದಿಗೆ ನನ್ನನ್ನು, ಇನ್ನೊಂದು ಬದಿಗೆ ಅಪ್ಪನನ್ನು ಕೂರಿಸಿಕೊಂಡಳು. ಮಾಹಿತಿ ಪುಸ್ತಕದಲ್ಲಿ ಬೇಕು ಎನ್ನುವವರ ವಾದ ಎಡಪುಟದಲ್ಲಿ, ಬೇಡ ಎನ್ನುವವರದು ಬಲಪುಟದಲ್ಲಿ ಅಚ್ಚಾಗಿರುತ್ತವೆ. ಅಪ್ಪ ಕನ್ನಡಕ ಏರಿಸಿ ಬಲಪುಟಕ್ಕೆ ಕೈ ಹಾಕಿದ.

"ಹಾಂ ಹಾಂ, ನೀ ಆಕಿದು ಓದು. ಆಕಿ ನಿಂದು ಓದ್ಲಿ."

"ಯವ್ವಾ, ಇದೇನು ಪಂಚಾಯ್ತಿ?"

"ಓದಲೇ ಮಾಂತು."

ಅಪ್ಪ ಓದಿದ. ಇಂಗ್ಲಿಷಿನ ಒಂದೊಂದು ಸಾಲನ್ನೂ ಕನ್ನಡಕ್ಕೆ ತಿರುಗಿಸಿ, ಒಂದೊಂದರ ಕೊನೆಗೂ ಒಂದು ತುಂಡು ಸೇರಿಸುತ್ತಾ.

"ಊರಾಗಿನ ಸಾಲಿಗೆ ಕಲಿಸಾವರು ದೂರದಿಂದ ಬರಬೇಕಾಗೈತಿ... ಅಂತ ಇವರು ಹೇಳ್ತಾರ. ಇಲ್ಲೇ ಮನಿ ಸಿಕ್ಕರ ಅವರು ಇಲ್ಲೇ ಇರ್ತಾರ... ಅಂತ ಇವರು ಹೇಳ್ತಾರ."

"ಆ ಬಾಲ ತಗದು ಓದು."

ಅಮ್ಮ ಅಡುಗೆಮನೆಯಲ್ಲಿ ನಕ್ಕದ್ದು ಕೇಳಿಸಿತು. ನನ್ನ ಸರದಿ ಬಂದಾಗ ನಾನು ಬಲಪುಟವನ್ನು ರೈಲಿನ ಪ್ರಕಟಣೆಯ ವೇಗದಲ್ಲಿ ಓದಿ ಮುಗಿಸಲು ನೋಡಿದೆ. ಪಾರ್ಕಿಂಗು, ಟ್ರಾಫಿಕ್ಕು, ಶಾಲೆಯಲ್ಲಿ ಜಾಗ, ಎತ್ತರದ ಕಟ್ಟಡದ ನೆರಳು ಹಿಂದಿನ ಮನೆಗಳ ಮೇಲೆ.

"ನಿಲ್ಲು. ಆ ಕಡೀದು ಸಾವಕಾಶ ಓದು."

ಎರಡನೇ ಸಲ ಓದಿದೆ. ಮೂರನೇ ಸಲವೂ ಓದಿಸಿದಳು. ಆಮೇಲೆ ಪುಸ್ತಕ ಮುಚ್ಚಿ, ಟಿವಿ ಹಾಕಿ, ಧಾರಾವಾಹಿಯ ಅರ್ಧ ತಪ್ಪಿಹೋಯಿತೆಂದು ನಮ್ಮಿಬ್ಬರಿಗೂ ಬೈದಳು.

ಭಾನುವಾರ ಬಂತು. ಅಪ್ಪ ಮೇಜು ಒರೆಸಿದ. ಅಂಗೈ ಆಡಿಸಿ ನೋಡಿದ. ಡ್ರಾಯರಿನಿಂದ ಲಕೋಟೆಗಳನ್ನು ತಂದು ಒಬ್ಬೊಬ್ಬರ ಕುರ್ಚಿಯ ಮುಂದೆ ಒಂದೊಂದು ಇಟ್ಟ. ಕಿವಿ ಮಡಚಿದ್ದು ನನ್ನದು. ತನ್ನದನ್ನು ತುಂಬಿದ. ಎಂದಿನ ಹಾಗೆ ಅದನ್ನು ಮೇಜಿನ ನಡುವೆ, ಎಲ್ಲರಿಗೂ ಕಾಣುವಂತೆ ತಿರುಗಿಸಿ ಇಟ್ಟ. ಏನು ಹೇಳಬೇಕೆಂದು ನಾನು ಅಭ್ಯಾಸ ಮಾಡಿಕೊಂಡೇ ಬಂದಿದ್ದೆ. ನಾನು ಬಾಯಿ ತೆರೆಯುವುದರೊಳಗೆ ಅಮ್ಮ ಎದ್ದಳು. ತನ್ನ ಮತಪತ್ರ, ಒಂದು ಪೆನ್ನು, ಕಾಫಿ ಲೋಟ ತೆಗೆದುಕೊಂಡಳು.

"ಎಲ್ಲಿಗೆ?" ಎಂದ ಅಪ್ಪ.

"ರೂಮಿಗೆ."

"ಇಲ್ಲೇ ಇದೆಯಲ್ಲ, ನೋಡ್ಕೊಂಡು ಬರಿ."

"ನೋಡಾಯ್ತು ರೀ. ಇಷ್ಟು ವರ್ಷ ನೋಡಾಯ್ತು."

ಮಲಗುವ ಕೋಣೆಯ ಬಾಗಿಲು ಮುಚ್ಚಿತು. ಚಿಲಕ ಬಿತ್ತು. ನಮ್ಮ ಮನೆಯಲ್ಲಿ ಹಗಲು ಹೊತ್ತಿನಲ್ಲಿ ಆ ಚಿಲಕ ಬಿದ್ದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅಪ್ಪ ಬಾಗಿಲನ್ನು ನೋಡಿದ, ನನ್ನನ್ನು ನೋಡಿದ, ಇದರಲ್ಲಿ ನನ್ನ ಕೈವಾಡವಿದೆಯೇ ಎಂಬಂತೆ. ಇರಲಿಲ್ಲ. ನಾನು ಅಮ್ಮನನ್ನು ಏನೂ ಕೇಳಿರಲೇ ಇಲ್ಲ. ನನ್ನ ಲೆಕ್ಕದಲ್ಲೂ ಅವಳು ಅಪ್ಪನ ಕಡೆಯ ಒಂದು ಓಟು ಮಾತ್ರವಾಗಿದ್ದಳು.

ನಾನು ಮೇಜಿನ ಬಳಿಯೇ ಉಳಿದೆ. ಅಪ್ಪನ ಕಣ್ಣೆದುರಿಗೇ ನನ್ನ ಸೊನ್ನೆಗಳನ್ನು ತುಂಬಿದೆ. ಊರಿನ ಪ್ರಶ್ನೆ ಬಂದಾಗ ಬೇಕು ಎಂಬುದರ ಮುಂದೆ ಪೆನ್ನು ಒತ್ತಿ, ಅಂಚು ದಾಟದಂತೆ ನಿಧಾನವಾಗಿ ಕಪ್ಪು ಮಾಡಿದೆ. ಅವನು ಬೇರೆ ಕಡೆ ನೋಡಲಿಲ್ಲ.

"ಸೊನ್ನೆ ಪೂರ್ತಿ ತುಂಬು," ಎಂದ ಕೊನೆಗೆ. "ಬಿಳಿ ಬಿಟ್ರೆ ಮಷೀನು ಓದಲ್ಲ."

ಅಜ್ಜಿಯ ಸರದಿ. ಅಪ್ಪ ಬೆರಳಿಡಲು ಬಾಗಿದ. ಅವಳು ಬೇರೆಲ್ಲ ಸಾಲುಗಳಿಗೆ ಅವನ ಬೆರಳನ್ನು ಒಪ್ಪಿದಳು. ಈ ಒಂದಕ್ಕೆ ಯಾವುದು ಬೇಕು, ಯಾವುದು ಬೇಡ ಎಂದು ನನ್ನಿಂದ ಕೇಳಿ, ಅವನಿಂದಲೂ ಕೇಳಿ, ಇಬ್ಬರೂ ಒಂದೇ ಹೇಳಿದ್ದೇವೆಂದು ಖಾತ್ರಿಯಾದ ಮೇಲೆ ಕೈಯಿಂದ ಮರೆಮಾಡಿಕೊಂಡು ಒತ್ತಿದಳು. ಒತ್ತಿದ ಮೇಲೆ ಮರೆ ತೆಗೆದು ತಾನೇ ಹೇಳಿದಳು:

"ನಾ ಬ್ಯಾಡ ಅಂತ ಹಾಕೀನಿ."

"ಅಜ್ಜೀ!"

"ಯಾಕ ಚೀರತಿ? ನಾಲ್ಕ ಮಾಳಗಿ ಎದ್ರ ನನ್ನ ಬಿಸಲು ಎಲ್ಲಿಂದ ಬರಬೇಕು? ನರ್ಸಬಾಯಿ ಒಳ್ಳೇಕಿ, ಆಕಿಗೆ ದೇವರು ಬ್ಯಾರೆ ಕಡೆ ಮನಿ ಕೊಡ್ಲಿ. ನನಗ ಬ್ಯಾರೆ ಕಡೆ ಬಿಸಲಿಲ್ಲ."

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಮೂರು ಸಲ ಓದಿಸಿದ್ದು ನೆರಳಿನ ಸಾಲಿಗಾಗಿ! ಎರಡೂ ಪುಟ ನ್ಯಾಯವಾಗಿ ಕೇಳಿದರೆ ಜನ ನನ್ನ ಕಡೆಗೇ ಬರುತ್ತಾರೆ ಎಂಬ ನಂಬಿಕೆ ನನಗೆ ಶಾಲೆಯಿಂದ ಬಂದದ್ದು. ಅದನ್ನು ಮೊದಲು ಮುರಿದವಳು ಅಜ್ಜಿ. ಆ ಜಾಗದಲ್ಲಿ ಈಗ ನಾಲ್ಕು ಮಹಡಿ ಎದ್ದು ನಿಂತಿದೆ, ಬೇಕು ಎಂದವರೇ ಹೆಚ್ಚಾದರು. ಅಜ್ಜಿ ಈಗ ಮುಂಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ, ಅಲ್ಲಿ ಬಿಸಿಲು ಸಂಜೆಗೆ ಬರುತ್ತದೆ. ಈಗ ನಾನಿರುವ ಓಕ್ಲ್ಯಾಂಡಿನಿಂದ ಮನೆಗೆ ಹೋದಾಗಲೆಲ್ಲ ಆ ಕುರ್ಚಿಯಲ್ಲಿ ಕೂತೇ, ನೋಡು ನಿನ್ನ ಮಾಳಗಿ, ಎನ್ನುತ್ತಾಳೆ. ಇಂಥ ಪ್ರಶ್ನೆ ಬಂದರೆ ನಾನು ಇವತ್ತಿಗೂ ಬೇಕು ಎಂದೇ ಹಾಕುತ್ತೇನೆ. ಅವಳ ಕುರ್ಚಿಯನ್ನು ನೆನೆಯದೆ ಹಾಕುವುದಿಲ್ಲ, ಅಷ್ಟೇ.

ಆ ಭಾನುವಾರ ಅಜ್ಜಿಯ ಮಾತಿಗೆ ಅಪ್ಪನ ಮುಖ ಮಾತ್ರ ಅರಳಿತು. ಅಮ್ಮ ಹೊರಗೆ ಬಂದಳು, ಅವಳ ಲಕೋಟೆ ಆಗಲೇ ಅಂಟಿತ್ತು. ಅದನ್ನು ಮೇಜಿನ ಮೇಲೆ ಇಟ್ಟು ನೇರ ಅಡುಗೆಮನೆಗೆ ಹೋಗಿ ಬಾಣಲೆ ಇಟ್ಟಳು. ಉಳಿದ ಮೂರು ಲಕೋಟೆ ಅಂಟಿಸಿ ನಾನು ಹಿಂದೆಯೇ ಹೋದೆ.

"ಅಮ್ಮ, ಏನು ಹಾಕ್ದೆ?"

"ಮೆಣಸಿನಕಾಯಿ ಸೀಳು."

"ಹೇಳು ಪ್ಲೀಸ್. ಬೇಕು ತಾನೇ? ಕಾರಲ್ಲಿ ನೀನೇ ಅಂದೆಯಲ್ಲ."

"ನಿಮ್ಮಪ್ಪಂಗೆ ಹೇಳದೆ ಇರೋದನ್ನ ನಿಂಗೆ ಹೇಳೋದಾದ್ರೆ ನಾನು ಯಾಕೆ ಬಾಗಿಲು ಹಾಕ್ಕೋಬೇಕಿತ್ತು? ಸೀಳು."

ಭಜಿ ಮೇಜಿಗೆ ಬಂತು. ಲಕೋಟೆಗಳು ಸೋಫಾದ ಮೇಲೆ, ಎಣ್ಣೆಯಿಂದ ದೂರ. ಅಪ್ಪನ ಫೋನು ಆಗಲೇ ಗುಯ್‌ಗುಟ್ಟುತ್ತಿತ್ತು. ಒಂದೊಂದು ಮನೆಯೂ ತನ್ನ ಸಂಖ್ಯೆ ಹಾಕುತ್ತಿತ್ತು. ಅವನು ಫೋನು ತೆಗೆದ, ಕೈ ಒರೆಸಿಕೊಂಡ. ನನ್ನ ಬಾಯಿಯಲ್ಲಿನ ಭಜಿ ಅಲ್ಲೇ ನಿಂತಿತು.

"ಎರಡಂತೂ ಗ್ಯಾರಂಟಿ," ಎಂದ ಅರ್ಧ ತನಗೆ, ಅರ್ಧ ನಮಗೆ. "ನಂದು, ಅವ್ವಂದು."

"ನಂದ್ಯಾಕ ಅದರಾಗ ಹಾಕ್ತಿ?" ಎಂದಳು ಅಜ್ಜಿ, ಗಿರ್ಮಿಟ್ಟಿಗೆ ಈರುಳ್ಳಿ ಉದುರಿಸಿಕೊಳ್ಳುತ್ತಾ.

"ನೀನೂ ಬ್ಯಾಡ ಅಂದೀಯಲ್ಲ ಯವ್ವಾ, ಅದಕ್ಕ."

"ಬ್ಯಾಡ ಅಂದದ್ದು ನಾನು. ನನ್ನ ಬಿಸಲಿಗೆ ಅಂದೀನಿ, ನಿನ್ನ ಪ್ರಕಾಶಗ ಅಲ್ಲ. ನಂದು ಬೇಕಾದಾವರು ನನ್ನ ಕೇಳ್ಲಿ."

ಅಪ್ಪ ಹೆಬ್ಬೆರಳನ್ನು ಫೋನಿನ ಮೇಲೆ ಹಾಗೇ ಹಿಡಿದು ಕೂತ. ಅವನು ಸುಳ್ಳು ಬರೆಯಬಹುದಿತ್ತು. ನಾಲ್ಕು ಎಂದರೆ ಯಾರೂ ಪೆಟ್ಟಿಗೆ ಒಡೆದು ನೋಡುತ್ತಿರಲಿಲ್ಲ. ಏನೂ ಬರೆಯದೆಯೂ ಇರಬಹುದಿತ್ತು. ಆದರೆ ಎಣ್ಣೆಯ ಒಂದು ಕಲೆಗೆ ವಾರಗಟ್ಟಲೆ ಕೊರಗಿದ ಮನುಷ್ಯ ಅವನು. ಬರೆದ. ಬರೆದು ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟ, ಮತಪತ್ರವನ್ನು ಇಟ್ಟ ಹಾಗೆ, ಎಲ್ಲರಿಗೂ ಕಾಣುವಂತೆ.

ನಮ್ಮನೆ ಒಂದು.

ಗುಯ್‌ಗುಟ್ಟುವುದು ನಿಂತಿತು.  ಅಮ್ಮ ಒಲೆ ಸಣ್ಣ ಮಾಡಿ ಬಂದು ಆ ಸಾಲನ್ನು ಓದಿದಳು, ಅಪ್ಪನ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಆಮೇಲೆ ಫೋನು ಹೊಡೆದುಕೊಂಡಿತು. ವಿಮಲಾ ಆಂಟಿ. ಅಪ್ಪನ ಬೆರಳು ಎಣ್ಣೆಯಾಗಿತ್ತೇನೋ, ಸ್ಪೀಕರ್ ಒತ್ತಿಬಿಟ್ಟ.

"ಮಾಂತೇಶ್, ಏನಾಯ್ತು? ಒಂದು ಅಂತ ಬಂದಿದೆ, ಏನು? ಸುಮಾಗೆ ಹುಷಾರಿಲ್ವಾ? ಅಜ್ಜಿ ಚೆನ್ನಾಗಿದಾರಾ? ಇವರು ಇಲ್ಲಿ ಏನೇನೋ ಅಂತಿದಾರೆ. ನಾನು ಸಾರು ಕಳಿಸ್ಲಾ?"

ಹಿಂದಿನಿಂದ ಪ್ರಕಾಶ್ ಅಂಕಲ್ ದನಿ, ಅಷ್ಟು ದೂರದಿಂದಲೂ ದೊಡ್ಡದಾಗಿ: "ಲಿಬರಲ್ ಮೇಡಂ ಕೆಲಸ ಇದು, ಕೇಳು ಬೇಕಾದ್ರೆ!"

ಈ ಸಲ ಉತ್ತರ ನನಗೆ ಕಾರಿಗೆ ಮುಂಚೆಯೇ ಹೊಳೆದಿತ್ತು. ಬಾಯಿ ತೆರೆದೆ. ಅಪ್ಪ ಕೈ ಎತ್ತಿ ನನ್ನನ್ನು ತಡೆದ. ಮೇಜಿನ ಸುತ್ತ ಒಮ್ಮೆ ನೋಡಿದ: ಅಮ್ಮ, ಅಜ್ಜಿ, ನಾನು, ಎಣ್ಣೆಯ ಕಲೆಗಳಿಂದ ಮತ್ತೆ ತುಂಬಿಹೋದ ಹಲಗೆ.

"ಇಲ್ಲ ವಿಮಲಾ, ಸಾರು ಬೇಡ," ಎಂದ. "ಎಲ್ಲಾರೂ ಆರಾಮಿದೀವಿ. ನಾಲ್ಕೂ ಜನ ಇಲ್ಲೇ ಕೂತು ಭಜಿ ತಿಂತಾ ಇದೀವಿ."